ಒಂಬತ್ತು ಪರಸಿ

ಸರ್ವೇಯರ್ ನಾಗಶೆಟ್ಟಿ
ಹೆಲ್ಮೆಟ್ ತಗೀಲಾರದೇ ಕೇಳಿದ:
ಮನಿ ಎಲ್ಲಿಗಿ ಮುಗೀತದ?

ನಾ ಬಾಗಿಲು ತೋರಿಸ್ದೆ, ತಲಿ ಅಲ್ಲಾಡಿಸ್ದ.
ತುಳಸಿಕಟ್ಟಿ ತೋರಿಸ್ದೆ, ಬರಕೊಂಡ.
ಬೇಲಿ ಕಡಿ ಬೆರಳು ಮಾಡಿದ್ರ
ಅಲ್ಲಿ ಬೇಲೀನೇ ಇದ್ದಿಲ್ಲ.

ಬೇಲಿ ಎದ್ದು ಹೊಲ ಮೇಯ್ತು ಅಂತಾರ.
ನಮ್ದು ಮಲಗ್ಯಾದ್ರಿ.
ಒಂಬತ್ತು ಶಹಾಬಾದಿ ಪರಸಿ, ಎದಿಮಟ ಎತ್ತರ,
ಮೂರನೇ ತಾರೀಖ ರಾತ್ರಿ, ಕರೆಂಟ್ ಹೋದ ಮ್ಯಾಲ,
ಒಂದರ ಹಿಂದ ಒಂದು,
ಸಾಲಿ ಪ್ರಾರ್ಥನಾದಾಗ ಹುಡುಗ್ರು
ಬಿಸಲಿಗಿ ಬಿದ್ದಂಗ.

ಬಿರುಗಾಳಿನೋ, ಬರೇ ಗಾಳಿನೋ?
ಬಿರುಗಾಳಿ ಆದ್ರ ಪಾಲಿಸಿಯೊಳಗ ಬರ್ತದಂತ,
ಬರೇ ಗಾಳಿಗಿ ಬಿದ್ರ ಅದು ಕಲ್ಲಿನ ವಯಸ್ಸಂತ.
ನಾ ಹೆಂಗ ಹೇಳ್ಲಿ?
ಶಟರ್ ಬಡಕೊಂಡಿದ್ದು ಕೇಳೀನಿ.
ಖಮರುನ್ನಿಸಾನ ತಗಡು ಸ್ಟೇಷನ್ ತನಕ ಹೋಗಿದ್ದು
ಓಣಿ ಮಂದೆಲ್ಲಾ ನೋಡ್ಯಾರ.
ಗಾಳಿಗಿ ಹೆಸರಿಡೋ ಕೆಲಸ
ನನ್ನ ಮೆಡಿಕಲ್ ಅಂಗಡ್ಯಾಗ ಇಲ್ಲ.

ಮನಿ ಸಾಲದ ಜೋಡಿ ಬಂದಿದ್ದು ಆ ಕಾಗದ.
ಬ್ಯಾಂಕಿನ ಹುಡುಗಿ ಪೆನ್ಸಿಲಿಲೆ ಹನ್ನೊಂದು ಗುರುತು ಹಾಕಿದ್ಲು,
ಹನ್ನೊಂದು ಕಡಿ ಸಹಿ ಮಾಡ್ದೆ.
ದಿನಾ ಮಂದಿಗಿ ಹೇಳಾಕಿ ನಾ —
ಚೀಟಿ ಓದ್ರಿ, ಊಟಕ್ಕ ಮೊದಲೋ ಆಮ್ಯಾಲೋ ನೋಡ್ರಿ ಅಂತ.

ನಾಗಶೆಟ್ಟಿ ಓದಿದ, ನಿಂತಲ್ಲೇ:
ಮನಿ ಅಂದ್ರ ಗ್ವಾಡಿ, ಮಾಳಗಿ, ಬಾಗಿಲು,
ಬರೆಸಿದ್ರ ಕಾಂಪೌಂಡೂ.
ಬರಸೀರೇನು?
ಹಾಳಿ ತಿರುವಿದ, ಇನ್ನೊಂದು ತಿರುವಿದ.
ಹೂಂ, ಬರಸೀರಿ.
ಆ ಪೆನ್ಸಿಲ್ ಹುಡುಗಿಗಿ ಪುಣ್ಯ ಬರಲಿ.

ಬೇಲಿ ನಿಮ್ದೇ ಅಂತ ಏನು ಗುರುತು?

ಇಲ್ಲಿ ಸುಮ್ಮಾದೆ.
ಹದಿನೇಳು ವರ್ಷ ಇದೇ ಜಗಳ.
ಅವರು ಅರಿವಿ ಒಣಹಾಕಿದ್ರ
ನಮ್ಮ ಬೇಲಿ ಅಂತಿದ್ದೆ ನಾನು.
ನಮ್ಮ ಹೀರೀ ಬಳ್ಳಿ ಆ ಕಡಿ ಇಳದ್ರ
ನಮ್ಮ ಬೇಲಿ ಅಂತಿದ್ಲು ಖಮರುನ್ನಿಸಾ, ಕಾಯಿ ಹರಕೊಂತ.
ಬಿದ್ದ ಮುಂಜಾನಿ ಇಬ್ರೂ ಒಂದೇ ಉಸಿರಿಗಿ ಅಂದ್ವಿ:
ನಿಮ್ಮ ಬೇಲಿ.

ಆಕಿ ಗಂಡ ಪಾಲಿಶ್ ಮಷೀನಿನ್ಯಾಗ ದುಡಿಯಾಂವ.
ಕಲ್ಲಿನ ಅಂಚಿಗಿ ಹೆಬ್ಬಟ್ಟು ಸವರಿ
ಪತ್ಥರ್ ಥಕ್ ಗಯಾ ಹೋಂಗಾ, ಅಂದ.
ಬರಕೋರಿ ಅಂದೆ ನಾ.
ಅದಕ್ಕ ಕಾಲಂ ಇಲ್ಲ, ಅಂದ ನಾಗಶೆಟ್ಟಿ.

ಟೇಪಿನ ಆ ತುದಿ ಆಕಿ ಹಿಡದ್ಲು, ಈ ತುದಿ ನಾನು.
ನೆಲದಾಗ ಹೂತಿದ್ದ ಒಂದೂವರಿ ಗೇಣು
ಬ್ಯಾರೇನೇ ಬಣ್ಣ —
ಹಸಿ, ಕರ್ರಗ, ಎರಿಮಣ್ಣು ಹತ್ತಿಕೊಂಡು,
ಹದಿನೇಳು ವರ್ಷ ಬಿಸಲು ಕಾಣದ್ದು.
ಮುಟ್ಟಿದ್ರ ತಣ್ಣಗ, ಕೂಸಿನ ಅಂಗಾಲಿನಂಗ.
ಅಡಿಪಾಯ ಲೆಕ್ಕಕ್ಕ ಬರಲ್ರಿ
ಅಂತ ಅಷ್ಟು ಬಿಟ್ಟು ಅಳದ.

ಕಲ್ಲಿಂದಿಷ್ಟು, ಗೌಂಡಿದಿಷ್ಟು,
ಸವಕಳಿ ಅಂತ ಕಳದಿದ್ದು ಇಷ್ಟು.
ಮೂರು ಸಾವಿರದ ಎಂಟುನೂರು.
ಕ್ಲೇಮ್ ಬರ್ತದ್ರಿ, ಖರೇ.
ಆದ್ರ ಮೊದಲಿನ ಐದು ಸಾವಿರ ನಿಮ್ದೇ.
ಅಂದ್ರ?
ಅಂದ್ರ ಬರ್ತದ. ಏನೂ ಬರಲ್ಲ.

ಅವಾಗ ಹೆಲ್ಮೆಟ್ ತಗದ.
ತಲಿತುಂಬ ಬೆವರು, ನನಗಿಂತ ಸಣ್ಣಾಂವ.
ಖಮರುನ್ನಿಸಾ ಬೇಲಿ ಇದ್ದ ಜಾಗದಿಂದ
ಸೀದಾ ಚಾ ತಂದ್ಲು, ಸುತ್ತು ಹಾಕದೇ.
ಚಾ ಅವರದು, ಕಪ್ಪು ನಮ್ದು —
ಎಂದೋ ಹೋಗಿದ್ದು, ನಾ ಮರತಿದ್ದು.

ಗೌಂಡಿ ಸೋಮವಾರ ಅಂದಾನ.
ಅರ್ಧ ಖರ್ಚು ಅವರು, ಅರ್ಧ ನಾವು.
ಒಂಬತ್ತರಾಗ ಅರ್ಧ ಹೆಂಗ ಅಂತ
ಇನ್ನಾ ಮಾತಾಗಿಲ್ಲ.

ಮಲಗಿದ ಕಲ್ಲು ಚಲೋ ಕಾಯ್ತಾವ.
ಹಳೀ ಸೀರಿ ಹಾಸಿ ಆಕಿ ಸಂಡಗಿ ಇಟ್ಟಾಳ,
ಐದನೇ ಕಲ್ಲಿನಿಂದ ಈ ಕಡಿ ನನ್ನವೂ ಅದಾವ.
ಗಾಳಿ ಬಂದ್ರ ಅಂತ
ಮೂಲಿಗೊಂದು ಬಾಟ್ಲಿ ಇಟ್ಟೀನಿ,
ತಾರೀಖ ಮುಗಿದ ಟಾನಿಕಿನದು.